ತಿಪ್ಪೇಶಿ ಇಟ್ಟ ಕೂಳಿ

ಮುಂಗಾರಿನ ಹೊಸ ನೀರು ಹಳ್ಳಕ್ಕೆ ಬಂದ ದಿನ ನನ್ನ ತಮ್ಮ ತಿಪ್ಪೇಶಿ ಕೂಳಿ ಇಟ್ಟು ಬಂದ. ಕೂಳಿ ಎಂದರೆ ಬಿದಿರುಕಡ್ಡಿಯ ಉದ್ದನೆಯ ಬುಟ್ಟಿ. ನೀರಿಗೆ ಎದುರಾಗಿ ಹತ್ತುವ ಮೀನು ಅದರೊಳಗೆ ಹೋಗುತ್ತದೆ, ತಿರುಗಿ ಬರಲಾರದು. ಅವನ ಹೆಂಡತಿ ದುರುಗಕ್ಕ ಆಗಷ್ಟೇ ಜ್ವರ ಬಿಟ್ಟು ಎದ್ದಿದ್ದಳು. ಬಾಯಿಗೆ ಏನೂ ಹತ್ತುತ್ತಿಲ್ಲ, ಹಳ್ಳದ ಮೀನಿನ ಸಾರಿದ್ದರೆ ಒಂದು ಮುದ್ದೆ ಇಳಿಯುತ್ತಿತ್ತು ಎಂದಿದ್ದಳಂತೆ. ಕೆರೆಬಿಳಚಿಗೆ ಹೋದರೆ ಕೆರೆ ಮೀನು ಬೇಕಾದಷ್ಟು ಸಿಗುತ್ತದೆ, ಆದರೆ ಅವಳಿಗೆ ಅದು ಕೆಸರು ವಾಸನೆ. ತಿಪ್ಪೇಶಿ ಮಳೆಯಲ್ಲೇ ಹೋದ. ಬಂದು ತಲೆ ಒರೆಸಿಕೊಂಡ, ಎದೆ ಹಿಡಿದಂಗಾಗುತ್ತದೆ ಎಂದು ಗೋಡೆಗೆ ಒರಗಿದ. ಅಷ್ಟೆ. ಆಟೋ ಬಂತು. ಹತ್ತಿಸುವುದಕ್ಕೆ ಅವನಿರಲಿಲ್ಲ.

ಮಣ್ಣು ಮಾಡಿದೆವು. ನನಗೆ ಅಳು ಬರಲಿಲ್ಲ. ಬಂದವರಿಗೆ ಚಾಪೆ ಹಾಸಿದೆ, ಹೋದವರ ಚಾಪೆ ಸುತ್ತಿಟ್ಟೆ.

ಮೂರನೇ ದಿನ ಗುಂಡಿಗೆ ಹಾಲು ತುಪ್ಪ ಬಿಟ್ಟು ಬಂದು ಕೂತಿದ್ದೆ. ದುರುಗಕ್ಕ ಬಾಗಿಲಿಗೆ ಬಂದು, ಕೂಳಿ ಎತ್ತಿದಿರಾ ಎಂದು ಕೇಳಿದಳು.

ಎತ್ತಿರಲಿಲ್ಲ. ನಮ್ಮಲ್ಲಿ ಸೂತಕದವರು ಹಳ್ಳಕ್ಕೆ ಕಾಲಿಡುವುದಿಲ್ಲ, ಮೀನು ಮುಟ್ಟುವುದಿಲ್ಲ. ಮುಟ್ಟಿದರೆ ಆ ವರ್ಷ ಮೀನು ಹತ್ತುವುದಿಲ್ಲ ಎನ್ನುತ್ತಾರೆ. ಹನ್ನೊಂದು ದಿನ ಕಳೆಯುವ ತನಕ ನಮ್ಮ ಬೆಡಗಿನವರಿಗೆಲ್ಲ, ಅಂದರೆ ಒಂದೇ ಕುಲದವರಿಗೆಲ್ಲ, ಸೂತಕ. ಬೇರೆ ಬೆಡಗಿನವರು ಎತ್ತಬಹುದು. ಆದರೆ ಸತ್ತವನ ಕೂಳಿ ಯಾರು ಎತ್ತುತ್ತಾರೋ ಆಮೇಲೆ ಆ ಜಾಗ ಅವರದು. ಹಳ್ಳ ಕಿರಿದಾಗುವ ಆ ಜಾಗ ನಮ್ಮಪ್ಪನ ಕಾಲದಿಂದ ನಮ್ಮದು. ನಾನೂ ತಿಪ್ಪೇಶಿಯೂ ಈಜು ಕಲಿತದ್ದು ಅಲ್ಲೇ.

ಇದನ್ನೆಲ್ಲ ಅವಳಿಗೆ ಹೇಳಿದೆ. ಅವಳಿಗೆ ಗೊತ್ತಿದ್ದದ್ದೇ.

"ಸೂತಕ ನಮಗೈತೆ ಬಾವ," ಅಂದಳು. "ಮೀನಿಗೂ ಐತಾ?"

ಹೊಸ್ತಿಲಲ್ಲೇ ಕೂತು ಮತ್ತೆ ಅಂದಳು.

"ನಾನು ಬೇಕು ಅಂದಿದ್ದಕ್ಕೆ ಅವರು ಹೋದ್ರು. ಇನ್ನು ಅವೂ ಒಳಗೇ ಸಾಯಾದು ಬ್ಯಾಡ. ಬಿಡಿಸ್ರಿ."

ಜಯಪ್ಪನ ಮನೆಗೆ ಹೋದೆ. ಅವನು ನಮ್ಮ ಓರಗೆಯವನು, ಬೇರೆ ಬೆಡಗು. ಆ ಜಾಗದ ಮೇಲೆ ಅವನಿಗೆ ಎಷ್ಟೋ ವರ್ಷದಿಂದ ಕಣ್ಣು. ನೀನು ಹೋದ ದಿನ ಅದು ನಂದು ಕಣಲೇ ಎಂದು ಇವನು ಕೆಣಕುವುದು, ನಿನ್ನ ಕಳಿಸಿಯೇ ನಾನು ಹೋಗುವುದು ಎಂದು ತಿಪ್ಪೇಶಿ ನಗುವುದು. ಕೂಳಿಯ ಮೀನು ಬಿಡಿಸಬೇಕು, ಸಾರಿಗಲ್ಲ ಎಂದೆ. ಜಯಪ್ಪ ಏನೂ ಕೇಳದೆ ಪಂಚೆ ಎತ್ತಿ ಕಟ್ಟಿ ಹೊರಟ.

ನಾನು ದಡದ ಮೇಲೇ ನಿಂತೆ. ಅವನು ಮೊಣಕಾಲು ನೀರಿಗೆ ಇಳಿದು ಕೂಳಿಯ ಮೇಲೆ ಕೈಯಿಟ್ಟ. ಎತ್ತಲಿಲ್ಲ.

"ಪಾಪಣ್ಣ, ಎತ್ತಿದ್ರೆ ಜಾಗ ನಂದಾಗ್ತೈತೆ. ನಾಳೆ ನಿನ್ನ ಮೊಮ್ಮಕ್ಕಳು ಜಗಳಕ್ಕೆ ಬರಬಾರದು."

"ಎತ್ತಪ್ಪ."

"ಬೇಕಾದ್ರೆ ಇನ್ನೊಂದು ಸಲ ಯೋಚನೆ ಮಾಡು. ನಾನೇನು ಓಡಿಹೋಗಾಕಿಲ್ಲ."

"ಮೀನು ಕಾಯಾಕಿಲ್ಲ. ಎತ್ತು."

ಎತ್ತಿದ. ಹಿಂದಿನ ತುದಿಗೆ ತುರುಕಿದ್ದ ಹುಲ್ಲಿನ ಸಿಂಬೆ ಕಿತ್ತು ನೀರಿಗೆ ಬಗ್ಗಿಸಿದ. ಕೆಲವು ಪಕ್ಕೆಮೀನು ಹೊಟ್ಟೆ ಮೇಲಾಗಿ ತೇಲಿ ಹೋದವು. ಮಿಕ್ಕವು ಒಂದು ಗಳಿಗೆ ನಿಂತಲ್ಲೇ ನಿಂತು, ಆಮೇಲೆ ಕೆಂಪು ನೀರಿನಲ್ಲಿ ಕಾಣದಾದವು. ಒಂದು ಹಾವುಮೀನು ಕಡ್ಡಿಗೆ ಸುತ್ತಿಕೊಂಡಿತ್ತು. ಜಯಪ್ಪ ಅದನ್ನು ನಿಧಾನಕ್ಕೆ ಬಿಡಿಸಿ ಬಿಟ್ಟ. ನನಗೆ ಏನಾದರೂ ಅನಿಸಬೇಕಿತ್ತು. ನೀರು ನೋಡುತ್ತ ನಿಂತಿದ್ದೆ, ನೀರು ಹೋಗುತ್ತಿತ್ತು.

ಮನೆಗೆ ಬಂದಾಗ ದುರುಗಕ್ಕ ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಳು. ಬಿಡಿಸಿದ್ದಾಯಿತು, ಕೆಲವು ಸತ್ತಿದ್ದವು, ಬಹಳಷ್ಟು ಬದುಕಿದ್ದವು ಎಂದೆ. ಜಾಗ ಜಯಪ್ಪನದಾಯಿತು ಎಂದೂ ಹೇಳಿದೆ. ಅವಳು ಮೊರ ಜಾಡಿಸಿದಳು. 

"ಎಡಗಡೆ ಹೊಂಗೆ ಬೇರಿಗೆ ಕಸ ಸಿಕ್ಕೊಂಡು ಕೂಳಿ ಬಾಯಿ ಕಟ್ತೈತೆ ಅಂತಿದ್ರು ನಿಮ್ಮ ತಮ್ಮ. ಒಂದು ಮಾರು ಬಲಕ್ಕೆ ಇಡಾಕೆ ಹೇಳ್ರಿ ಜಯಪ್ಪನೋರಿಗೆ."

"ಹೇಳ್ತೀನಿ ತಾಯಿ."

ಸಂಜೆ ಹೋಗಿ ಹೇಳಿದೆ. ಅಷ್ಟು ವರ್ಷ ಕಣ್ಣಿಟ್ಟಿದ್ದ ಜಯಪ್ಪನಿಗೆ ಅದು ಗೊತ್ತಿರಲಿಲ್ಲ.