ಅಂಕ ಹಾಕುತ್ತಿದ್ದ ನಾಲಿಗೆ

ಗುಬ್ಬಿಯ ಅಡಿಕೆ ಸೀಮೆಯಲ್ಲಿ ಹುಟ್ಟಿ ಬೆಳೆದೂ ಎಲೆಅಡಿಕೆಯನ್ನು ತುಟಿಗೆ ಸೋಕಿಸದ, ರಾಗಿಮುದ್ದೆಗೆ ಖಾರದ ಸಾರಿನ ಬದಲು ಬರಿಯ ಮಜ್ಜಿಗೆ ಹೊಯ್ಯಿಸಿಕೊಳ್ಳುವ ಮನುಷ್ಯನೆಂದರೆ ನಾನು ಕಂಡದ್ದು ಜುಂಜಪ್ಪನವರೊಬ್ಬರನ್ನೇ. ಅದು ವೈದ್ಯರು ಹೇಳಿದ ಪಥ್ಯವಲ್ಲ, ದೇವರ ಹರಕೆಯೂ ಅಲ್ಲ. ಮಗಳ ಮದುವೆಯಲ್ಲಿ ಬೀಗರು ಕೊಟ್ಟ ತಾಂಬೂಲವನ್ನು ಕಣ್ಣಿಗೊತ್ತಿ ಕೋಟಿನ ಜೇಬಿಗಿಳಿಸಿದಾಗ ಚಪ್ಪರದಲ್ಲಿ ಜಗಳವೇ ಆಗಿಹೋಯಿತಂತೆ. "ನಾಲಿಗೇನೇ ನನ್ನ ಹೊಲ ಕಣ್ರಪ್ಪಾ, ಅದಕ್ಕೆ ಬೆಂಕಿ ಇಕ್ಕು ಅಂತೀರಲ್ಲ" ಎಂದು ಇವರು ನಕ್ಕುಬಿಟ್ಟರಂತೆ.

ಎಪ್ಪತ್ತರ ದಶಕದಲ್ಲಿ ನಾನು ತುಮಕೂರಿಗೆ ಕಾಲೇಜು ಮೇಷ್ಟರಾಗಿ ಬಂದಾಗ ಶಿರಾ ಗೇಟಿನ ಬಳಿ ಹಿಡಿದ ಕೋಣೆಯ ಎದುರಿಗೇ ಸಾರಾಯಿ ಗುತ್ತಿಗೆದಾರನೊಬ್ಬನ ಗೋಡೌನ್ ಇತ್ತು. ಅಲ್ಲಿಗೆ ಬಂದಿಳಿದ ಪ್ರತಿ ಪೀಪಾಯಿಯ ಮೊದಲ ಗುಟುಕು ಜುಂಜಪ್ಪನವರದು. ಅವರು ತಲೆಯಾಡಿಸಿದ ಮೇಲೆಯೇ ಅದು ಹಳ್ಳಿಯ ಅಂಗಡಿಗಳಿಗೆ ಹೊರಡುತ್ತಿತ್ತು. ತುಂಬಿದ ಕೊಡ ಹೊತ್ತವರಂತೆ ಅಲುಗದೆ ನಡೆಯುವ ನೀಳ ದೇಹ, ಬೇಸಿಗೆಯಲ್ಲೂ ಕಳಚದ ಕಂದು ಕೋಟು. ಒಂದಿಷ್ಟು ಕಡಲೆಪುರಿ ಅಗಿದು, ನೀರು ಮುಕ್ಕಳಿಸಿ, ಗುಟುಕನ್ನು ಬಾಯೊಳಗೆ ನಿಧಾನವಾಗಿ ಹೊರಳಿಸಿ, ಕಣ್ಣು ಮುಚ್ಚಿ ನುಂಗುವರು. ಉಗಿಯುವುದಿಲ್ಲ. "ಉಗುದ್ರೆ ಅರ್ಧ ಸುಳ್ಳು ಮೇಷ್ಟ್ರೇ. ಜನ ನುಂಗೋದನ್ನ ನಾನೂ ನುಂಗ್ಬೇಕು."

ಊರಿನ ರಸಿಕರಿಗೆ ಅವರೊಂದು ವಿನೋದ. ಯಾವ ಹೊಸ ಬಿಯರು ಬಂದರೂ ಅವರ ಮುಂದೆ ತಂದಿಟ್ಟು ಅಂಕ ಕೇಳುವರು. "ಬಾಟ್ಲಿ ಚೆಂದ, ಒಳಗೆ ಗಂಜಿ. ಮೂವತ್ತು. ಫೇಲು" ಎಂದು ತೀರ್ಪಾಗುತ್ತಿತ್ತು. ಅರವತ್ತು ದಾಟಿದ ಬಾಟಲಿಯನ್ನು ನಾನು ನೋಡಲಿಲ್ಲ.

ಒಂದು ವರ್ಷ ಯುಗಾದಿಯ ಮರುದಿನ, ವರ್ಷತೊಡಕಿನ ಬಾಡೂಟಕ್ಕೆಂದು ಅವರು ಪಾಸು ಮಾಡಿ ಕಳಿಸಿದ ಪೀಪಾಯಿ ಹುಲಿಯೂರುದುರ್ಗದಾಚೆಯ ಹಳ್ಳಿಯೊಂದರಲ್ಲಿ ಮನೆಮನೆಯಿಂದ ಹೆಣ ಎತ್ತಿಸಿತು. ಅದರಲ್ಲಿ ಬೆರೆತದ್ದು ಕಾರ್ಖಾನೆಗಳಲ್ಲಿ ಬಳಸುವ ವಿಷದ ಸ್ಪಿರಿಟ್ಟು. ರುಚಿಯಿಂದ ಅದರ ಗುರುತು ಯಾರಿಗೂ ಹತ್ತದು. ಒಂದೇ ಗುಟುಕು ನುಂಗಿದ್ದ ಜುಂಜಪ್ಪನವರು ಬದುಕಿಕೊಂಡರು. ಬಲಗಣ್ಣಿನ ಬೆಳಕು ಪೂರ್ತಿ ಆರಿತು, ಎಡಗಣ್ಣಿಗೆ ಮಂಜು ಕವಿಯಿತು.

ಆ ಪೀಪಾಯಿ ನಮ್ಮದಲ್ಲವೆಂದು ಹೇಳಿದರೆ ಸಾಕೆಂದು ಗುತ್ತಿಗೆದಾರ ಮನೆಗೇ ಬಂದು ಕೇಳಿಕೊಂಡ. ಇವರು ಒಪ್ಪಲಿಲ್ಲ. ಕಟಕಟೆಯಲ್ಲಿ ನಿಂತು, "ನಮ್ದೇ ಸ್ವಾಮಿ. ನಾನೇ ಕುಡ್ದು ಪಾಸ್ ಮಾಡ್ದೆ" ಎಂದರು. ಆ ಸತ್ಯವನ್ನೇ ಗುತ್ತಿಗೆದಾರನ ವಕೀಲ ಮೆಟ್ಟಿಲು ಮಾಡಿಕೊಂಡ: ತಾನೇ ನುಂಗಿ ಕಣ್ಣು ಕಳೆದುಕೊಂಡವನಿಗೂ ತಿಳಿಯದ ವಿಷ ಮಾಲೀಕನಿಗೆ ಹೇಗೆ ತಿಳಿದೀತು? ಗುತ್ತಿಗೆದಾರ ಬಿಡುಗಡೆಯಾದ. ಕೋರ್ಟಿನ ಹೊರಗೆ ಪುಟ್ಟಗಂಗಮ್ಮ ಎಂಬ ಹೆಂಗಸು, ಗಂಡನನ್ನು ಮಣ್ಣು ಮಾಡಿ ಬಂದವಳು, ಇವರ ಕೋಟು ಹಿಡಿದು ಜಗ್ಗಿದಳು. "ನೀನೂ ಅದ್ನೇ ಕುಡ್ದೆ ಅಂದ್ಯಲ್ಲ, ಮತ್ಯಾಕೆ ಬದ್ಕಿದೀಯಾ?" ಜಗ್ಗಿದ ಕೈಯನ್ನು ಇವರು ಬಿಡಿಸಿಕೊಳ್ಳಲಿಲ್ಲ, ಅವಳಾಗಿ ಬಿಡುವವರೆಗೂ ನಿಂತೇ ಇದ್ದರು.

ಗುಬ್ಬಿಗೆ ಮರಳಿದ ಮೇಲೆ ಅವರು ಉಣ್ಣುವುದನ್ನು ನೋಡಲಾಗುತ್ತಿರಲಿಲ್ಲ. ಹಸಿಮೆಣಸಿನಕಾಯಿ ಕಚ್ಚುವರು, ಸುಣ್ಣ ಬಾಯಿ ಸುಡುವಷ್ಟು ಹಚ್ಚಿ ಎಲೆ ಮೆಲ್ಲುವರು, ಕಡ್ಡಿಪುಡಿ ತಂಬಾಕು ದವಡೆಗೆ ಒತ್ತುವರು. "ಹಗೆ ತೀರಿಸ್ಕಂತಾವ್ರೆ, ಆ ನಾಲಿಗೆ ಮ್ಯಾಲೆ" ಎಂದು ಅವರ ಹೆಂಡತಿ ಹೊಂಬಾಳಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು.

ಎಂಬತ್ತನಾಲ್ಕರಲ್ಲಿ, ಕಾರ್ಖಾನೆಯ ತರಬೇತಿಗೆಂದು ಬೆಲ್ಜಿಯಂಗೆ ಹೋಗಿ ಬಂದ ನನ್ನ ಭಾವಮೈದುನ ಚಿಕ್ಕಮಾರಯ್ಯ ಅಲ್ಲಿನ ಕ್ರೈಸ್ತ ಸನ್ಯಾಸಿಗಳ ಮಠದ ಪದ್ಧತಿಯಲ್ಲಿ ಮಾಡಿದ ಕಪ್ಪು ಬಿಯರಿನ ಬಾಟಲಿಯೊಂದನ್ನು ಕೊಟ್ಟ. ಜುಂಜಪ್ಪನವರಿಗೆ ಹಳೆಯ ಹುರುಪು ಮರಳೀತೆಂಬ ಆಸೆಯಿಂದ ಗುಬ್ಬಿಗೆ ಒಯ್ದೆ.

"ಬ್ಯಾಡಿ ಮೇಷ್ಟ್ರೇ" ಎಂದರು. ಆಮೇಲೆ, ಬಾಟಲಿಯನ್ನು ತಡವುತ್ತ, "ಮಠದೋರು ಇದ್ನ ಮಾಡ್ತಾರಾ?"

"ಮಾಡಿ, ಅವರೂ ಕುಡೀತಾರೆ."

"ಅವ್ರೂ ನುಂಗ್ತಾರೆ ಅನ್ನಿ." ಲೋಟ ಮುಂದೆ ಮಾಡಿದರು. ನಾನೂ ಅರ್ಧ ಲೋಟ ಬಗ್ಗಿಸಿಕೊಂಡು ಕುಡಿದೆ. ನೊರೆಹಾಲಿನಂಥ ನೊರೆ, ಅದರಡಿ ಕಡುಗಂದು ದ್ರವ. ಅವರು ಬಾಯಿ ಮುಕ್ಕಳಿಸಿ ಬಂದು, ಒಂದು ಗುಟುಕನ್ನು ಹೊರಳಿಸುತ್ತ ಬಹಳ ಹೊತ್ತು ಕೂತರು.

"ಕೊಪ್ಪರಿಗೆ ತಳ ಹಿಡಿದ ಬೆಲ್ಲ ಐತೆ. ಒಣದ್ರಾಕ್ಷಿ. ಹುರಿದ ರಾಗಿ ಕಹಿ. ಕೊನೇಗೆ ಒಂಚೂರು ಲವಂಗ." ಲೋಟ ಕೆಳಗಿಟ್ಟರು. "ಇಷ್ಟು ಸುಟ್ಟರೂ ಸತ್ತಿಲ್ವಲ್ಲ ಈ ಮುಂಡೇದು!"

"ಎಷ್ಟು ಅಂಕ, ಜುಂಜಪ್ನೋರೆ?"

"ಅವತ್ತಿನ ಪೀಪಾಯಿಗೆ ಎಪ್ಪತ್ತು ಹಾಕಿದ್ದೆ, ಗೊತ್ತಾ? ಅಷ್ಟು ಯಾವ್ದಕ್ಕೂ ಹಾಕಿರ್ಲಿಲ್ಲ. ನುಣ್ಣಗಿತ್ತು, ಸೀಗಿತ್ತು." ಮಿಕ್ಕ ಬಿಯರನ್ನು ಅವರು ಬಚ್ಚಲಿಗೆ ಸುರಿದರು. ಹೊತ್ತಿಳಿದು ನಾನು ಬಸ್ಸು ಹತ್ತುವವರೆಗೂ, "ಕಣ್ಣು ಮಂಜಾಯ್ತದಾ? ಹೊಟ್ಟೆ ನೋವಾ?" ಎಂದು ಕೇಳುತ್ತಲೇ ಇದ್ದರು.

ಮರುಬೆಳಿಗ್ಗೆ ತುಮಕೂರಿನ ನನ್ನ ಬಾಗಿಲಲ್ಲಿ ನಿಂತಿದ್ದರು. ಆ ಕುರುಡುಗಣ್ಣಿನಲ್ಲಿ ಮೊದಲ ಬಸ್ಸು ಹಿಡಿದು ಒಬ್ಬರೇ ಬಂದಿದ್ದರು. ನನ್ನ ರೆಪ್ಪೆಯನ್ನು ಹೆಬ್ಬೆರಳಿನಿಂದೆತ್ತಿ, ಉಸಿರು ತಾಗುವಷ್ಟು ಹತ್ತಿರ ಬಂದು, "ನನ್ನ ಮುಖ ಕಾಣ್ತದಾ ಮೇಷ್ಟ್ರೇ?" ಎಂದರು. ಕಾಣುತ್ತದೆ ಎಂದೆ. ಜಗಲಿಯ ಮೇಲೆ ಕುಸಿದು ಕೂತು, ಸುಧಾರಿಸಿಕೊಂಡು, "ಹಂಗಾದ್ರೆ ಅರವತ್ತೆರಡು" ಎಂದರು. ಕಾಫಿಗೂ ನಿಲ್ಲದೆ ಹೊರಟರು. ಮುಂದಿನ ವರ್ಷ ತೀರಿಕೊಂಡರು. ಕೊನೆಯ ದಿನಗಳಲ್ಲಿ ನೀರು ಕುಡಿಯಲೂ ಹೆದರುತ್ತಿದ್ದರೆಂದು ಹೊಂಬಾಳಮ್ಮ ಹೇಳಿದರು.

ಪರರ ಪರವಾಗಿ ಮೊದಲ ಗುಟುಕು ನುಂಗುವ ಜನ ಎಲ್ಲ ಕಾಲದಲ್ಲೂ ಇರುತ್ತಾರೆ. ಅವರು ತಲೆಯಾಡಿಸಿದರೆಂಬ ಧೈರ್ಯದಲ್ಲೇ ಲೋಕ ಬಾಯಿ ತೆರೆಯುತ್ತದೆ, ಅವರ ಹೆಸರನ್ನು ಮಾತ್ರ ಕೇಳುವುದಿಲ್ಲ. ಅನರ್ಥ ಘಟಿಸಿದ ದಿನ ವಿಷ ಬೆರೆಸಿದವನು ಕಾನೂನಿನ ಯಾವುದಾದರೊಂದು ಸಂದಿಯಲ್ಲಿ ನುಸುಳಿ ಮನೆ ಸೇರುತ್ತಾನೆ. ರುಚಿ ನೋಡಿದವನನ್ನು ಬಿಡುಗಡೆ ಮಾಡಬಲ್ಲ ನ್ಯಾಯಾಲಯ ಮಾತ್ರ ಎಲ್ಲೂ ಇಲ್ಲ, ಏಕೆಂದರೆ ಅವನ ವಿಚಾರಣೆ ನಡೆಯುವುದು ಅವನೊಳಗೇ, ಅಲ್ಲಿ ನ್ಯಾಯಾಧೀಶನೂ ಅವನೇ.