ಸೇತುವೆಯ ಆಚೆ ಬೇರೆ ಕಾನೂನು

ಟೈಲರಕ್ಕ ಅಂದು ಮನೆಗೆ ಕುಂಟುತ್ತಾ ನಡೆದೇ ಬಂದಳು. ಹೆಗಲ ಮೇಲೆ ಸೇತುವೆಯಾಚೆ ದೂರದ ಆಸ್ಪತ್ರೆಗೆ ಹೊಲಿದ ಬಿಳಿ ಕೋಟುಗಳ ಗಂಟು, ಮುಖ ಕೆಂಡದಂತೆ. ಮಂಡಿ ನೋವಿಗೆಂದೇ ಕೊಂಡಿದ್ದ ಬ್ಯಾಟರಿ ಸೈಕಲ್ಲನ್ನು ಸೇತುವೆಯ ಆಚೆ ಪೊಲೀಸರು ಹಿಡಿದಿಟ್ಟಿದ್ದರು. ಮರುದಿನ ಬೆಳಿಗ್ಗೆಯೊಳಗೆ ಕೋಟು ತಲುಪದಿದ್ದರೆ ಹೊಲಿಗೆ ಬೇರೆಯವರ ಪಾಲು ಎಂದು ಆಸ್ಪತ್ರೆಯವರು ಮೊದಲೇ ಹೇಳಿದ್ದರು.

ಆ ಊರಿನವರಿಗೆ ನದಿಯ ಎರಡೂ ದಡ ಒಂದೇ. ತರಕಾರಿಗೆ ಆಚೆ, ಶಾಲೆಗೆ ಈಚೆ. ನದಿಯ ನಡುವೆ ಒಂದು ರಾಜ್ಯ ಮುಗಿದು ಇನ್ನೊಂದು ಶುರುವಾಗುತ್ತದೆ ಎಂಬುದು ಯಾರ ನೆನಪಿನಲ್ಲೂ ಇರಲಿಲ್ಲ.

ಸಾರಿಗೆ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದ ನಾದಿನಿ ನೀರು ತಂದುಕೊಟ್ಟಳು. ಟೈಲರಕ್ಕ ಲೋಟ ಮುಟ್ಟಲಿಲ್ಲ.

"ಕಳ್ಳಿ ಥರ ನಿಲ್ಲಿಸಿದ್ರು ಕಣೇ. ಪೆಡಲ್ ಇದೆ, ಸೈಕಲ್ಲೇ ಅಲ್ವಾ ಅದು?"

ಪೆಡಲ್ ಇದ್ದ ಮಾತ್ರಕ್ಕೆ ಆಗುವುದಿಲ್ಲ ಎಂದು ನಾದಿನಿ ಬಿಡಿಸಿ ಹೇಳಿದಳು. ಮೋಟಾರಿನ ಶಕ್ತಿ ಎಷ್ಟು, ವೇಗ ಎಷ್ಟು, ತುಳಿಯದೆಯೂ ಓಡುತ್ತದೆಯೇ, ಇವನ್ನೆಲ್ಲ ನೋಡುತ್ತಾರೆ. ಈಚೆ ಈ ಗಾಡಿ ಸೈಕಲ್ಲು. ಆಚೆ, ಹಿಡಿ ತಿರುಗಿಸಿದರೆ ತಾನೇ ಓಡುವುದೆಲ್ಲ ಸ್ಕೂಟರಿನ ಲೆಕ್ಕ: ನಂಬರ್, ಲೈಸೆನ್ಸ್, ವಿಮೆ, ಎಲ್ಲ ಬೇಕು.

"ಅಂದ್ರೆ ಸೇತುವೆ ಮಧ್ಯೆ ಅದಕ್ಕೆ ಕೊಂಬು ಮೂಡುತ್ತಾ?"

"ಕೊಂಬು ಮೂಡಲ್ಲ ಅತ್ತಿಗೆ, ಕಾನೂನು ಬದಲಾಗುತ್ತೆ."

"ದಿನಾ ಆ ಕಚೇರೀಲಿ ಕೂತ್ಕೋತೀಯಲ್ಲ, ಒಂದು ಮಾತು ಹೇಳ್ಬಾರ್ದಿತ್ತಾ?"

ಕೊಳ್ಳುವಾಗ ತನ್ನನ್ನು ಕೇಳಲಿಲ್ಲವಲ್ಲ ಎಂಬ ಮಾತು ನಾದಿನಿಯ ನಾಲಿಗೆಯ ತುದಿಗೆ ಬಂತು. ಆದರೆ ಆ ನಿಯಮದ ಹಾಳೆ ಕಚೇರಿಯಲ್ಲಿ ಬೀರುವಿನ ಹಿಂದಿನ ಗೋಡೆಗೆ ಅಂಟಿಕೊಂಡಿತ್ತು. ಜನರ ಕಣ್ಣಿಗೆ ಬೀಳುವಂತೆ ಅದನ್ನು ಹೊರಗೆ ಹಾಕಬೇಕೆಂದು ಅವಳಿಗೂ ಹೊಳೆದಿರಲಿಲ್ಲ.

ಬೆಳಿಗ್ಗೆ ಇಬ್ಬರೂ ಮೊದಲ ಬಸ್ಸು ಹತ್ತಿ ಕೋಟು ತಲುಪಿಸಿದರು. ಕೆಲಸ ಉಳಿಯಿತು. ಠಾಣೆಯಲ್ಲಿ ದಂಡ ಕಟ್ಟಿ, ಗಾಡಿಯನ್ನು ಸೇತುವೆಯುದ್ದಕ್ಕೂ ತಳ್ಳಿಕೊಂಡು ಬಂದರು. ತಿರುಗಿಸುವ ಹಿಡಿ ತೆಗೆಸಿ, ತುಳಿದಾಗಷ್ಟೇ ಮೋಟಾರು ನೆರವಾಗುವಂತೆ ಮಾಡಿಸಿದರೆ ಆಚೆಯೂ ಅದು ಸೈಕಲ್ಲೇ ಎಂದು ಠಾಣೆಯಲ್ಲಿ ಹೇಳಿದ್ದರು. ಮಂಡಿಗೆ ಸ್ವಲ್ಪ ಕೆಲಸ ಬೀಳುತ್ತದೆ, ಬೀಳಲಿ.

ಟೈಲರಕ್ಕ ನೆಟ್ಟಗೆ ಗಾಡಿ ಕೊಂಡಿದ್ದ ಸೈಕಲ್ ಅಂಗಡಿಗೆ ಹೋದಳು. ಅಂಗಡಿಯವನು ತಲೆ ಎತ್ತದೆ, ನೀವು ಸೇತುವೆ ದಾಟ್ತೀರಿ ಅಂತ ಹೇಳಲೇ ಇಲ್ಲವಲ್ಲ ಎಂದ.

"ಈ ಊರಲ್ಲಿ ಸೇತುವೆ ದಾಟದೋರು ಯಾರಿದ್ದಾರೆ? ಒಬ್ಬರ ಹೆಸರು ಹೇಳಪ್ಪ, ನಾನು ಸುಮ್ನೆ ಮನೆಗೆ ಹೋಗ್ತೀನಿ."

ಅವನು ಸ್ಪ್ಯಾನರ್ ಎತ್ತಿಕೊಂಡ. ಹಿಡಿಯನ್ನು ಬಿಚ್ಚಿಕೊಟ್ಟ. ಬಿಚ್ಚಿದ್ದೇನೆಂದು ಬಿಲ್ಲಿನ ಮೇಲೆ ಬರೆದು ಸಹಿ ಹಾಕುವವರೆಗೂ ಟೈಲರಕ್ಕ ಸ್ಟೂಲಿನಿಂದ ಏಳಲಿಲ್ಲ. ಅಷ್ಟರಲ್ಲಿ ನಾದಿನಿ ಕಚೇರಿಗೆ ಹೋಗಿ, ಬೀರುವಿನ ಹಿಂದಿನ ಹಾಳೆ ಕಿತ್ತು ಬಾಗಿಲಿಗೆ ಅಂಟಿಸಿದಳು. ಯಾರನ್ನೂ ಕೇಳಲಿಲ್ಲ.

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಗಾಡಿ ಯಾವೆಲ್ಲ ದಾರಿಯಲ್ಲಿ ಓಡುತ್ತದೋ ಅಲ್ಲಿನ ನಿಯಮವನ್ನು ಸಾರಿಗೆ ಕಚೇರಿಯಲ್ಲಿ ಕೇಳಿ. ಅಂಗಡಿಯವರ ಬಾಯಿಮಾತು ಸಾಲದು, ಬರೆಸಿಕೊಳ್ಳಿ. ಉತ್ತರ ಕೊಡದಿದ್ದರೆ ಸಿಟ್ಟು ಮಾಡಿಕೊಳ್ಳಿ, ತಪ್ಪೇನಿಲ್ಲ. ಆದರೆ ಆ ಸಿಟ್ಟು ಗಾಡಿ ಕೊಳ್ಳುವ ಮೊದಲೇ ಬರಲಿ.