ಹಿಡಿಗೆ ಕಟ್ಟಿದ ಎಕ್ಕಡ

ಅಕ್ಕಿಹೆಬ್ಬಾಳು ಲೈನಿಗೆ ಕರೆಂಟು ಬಿಡಲು ಸ್ವಿಚ್ಚಿನ ಹಿಡಿಗೆ ಕೈಹಾಕಿದ ಶ್ವೇತ, ಸುಟ್ಟುಕೊಂಡವಳಂತೆ ಕೈ ಹಿಂದಕ್ಕೆ ಎಳೆದುಕೊಂಡಳು. ಹಿಡಿಗೆ ಸೆಣಬಿನ ದಾರದಲ್ಲಿ ಒಂದು ಎಕ್ಕಡ ಕಟ್ಟಿತ್ತು. ಎಡಗಾಲಿನದು, ಹರಿದ ಬಾರಿಗೆ ತಾಮ್ರದ ತಂತಿ ಸುತ್ತಿದ್ದು. ಕುಳ್ಳಯ್ಯನದು.

ಫೋನಿನ ಆ ಕಡೆ ಹೊಸ ಸಾಹೇಬ ಲೋಕೇಶ್ ಕಾಯುತ್ತಿದ್ದ. ಮಧ್ಯಾಹ್ನದ ಗಾಳಿಗೆ ತೆಂಗಿನ ಗರಿ ಬಿದ್ದು ತಂತಿ ಹರಿದಿತ್ತು. ಲೈನಿನವರಾದ ಪುಟ್ಟರಾಜು, ನಾಗರಾಜು ಸರಿಮಾಡಿ ಕಂಬ ಇಳಿದಾಗಿದೆ, ಲೈನಿಗೆ ಹೋದವರ ಪುಸ್ತಕದಲ್ಲಿರುವುದೂ ಅವೆರಡೇ ಹೆಸರು, ಆಸ್ಪತ್ರೆಯ ಜನರೇಟರಿಗೆ ಡೀಸೆಲ್ ಮುಗಿಯುತ್ತಾ ಬಂದಿದೆ, ಬೇಗ ಬಿಡಮ್ಮ ಎಂದ.

"ಸಾರ್, ಕುಳ್ಳಯ್ಯನ ಎಕ್ಕಡ ಇಲ್ಲೇ ಅದೆ."

ಎಕ್ಕಡದ ಕಾಯಿದೆ ಶಿವಲಿಂಗಯ್ಯನವರದು. ಮೂರು ತಿಂಗಳ ಹಿಂದೆ ನಿವೃತ್ತರಾಗುವವರೆಗೂ ಆ ಕರೆಂಟು ಸ್ಟೇಷನ್ನಿಗೆ ಅವರೇ ಯಜಮಾನರು. ಲೈನಿಗೆ ಹೋಗುವ ಪ್ರತಿಯೊಬ್ಬನೂ ಒಂದು ಎಕ್ಕಡ ಬಿಚ್ಚಿ ಹಿಡಿಗೆ ಕಟ್ಟಿಹೋಗಬೇಕು, ಬಂದಮೇಲೆ ಅವನೇ ಬಿಚ್ಚಿಕೊಳ್ಳಬೇಕು, ಮಿಕ್ಕವರು ಮುಟ್ಟಕೂಡದು. ಆಯುಧಪೂಜೆಯ ಕುಂಕುಮ ಇಟ್ಟ ಜಾಗಕ್ಕೆ ಎಕ್ಕಡವೇ ಎಂದು ಮೇಲಿನವರು ಉಗಿದರು. ಒಂಟಿ ಕಾಲಿಗೆ ಮೆಟ್ಟಿಕೊಂಡು ಬೈಕು ಹತ್ತುವವರನ್ನು ನೋಡಿ ಟೀ ಅಂಗಡಿಯವರು ನಕ್ಕರು. ಯಜಮಾನರು ಜಗ್ಗಲಿಲ್ಲ. ಪುಸ್ತಕದಲ್ಲಿ ಹೆಸರು ಬರೆದಿರುತ್ತದಲ್ಲ ಎಂದು ಶ್ವೇತ ಒಮ್ಮೆ ಕೇಳಿಯೂ ಇದ್ದಳು.

"ಪುಸ್ತಕದಲ್ಲಿ ಕಾಯಂ ಆದೋರ ಹೆಸ್ರು ಇರ್ತದೆ ಕಣವ್ವ. ಕಂತ್ರಾಟಿನೋನ್ಗೆ ಹೆಸ್ರಿಲ್ದೆ ಇರ್ಬೋದು, ಕಾಲಿರ್ತದಲ್ಲ?"

ಅವರ ವರಸೆಯೇ ಹಾಗೆ. ಸ್ವಿಚ್ಚನ್ನು ಅತ್ತೆ ಎಂದು ಕರೆಯುತ್ತಿದ್ದರು. ಮಲಗಿದ್ದಾಳೆಂದು ನಂಬಿ ಹತ್ತಿರ ಹೋಗಬೇಡಿ ಎನ್ನುತ್ತಿದ್ದರು. ರಬ್ಬರು ಕೈಗವಸಿಗೆ ಗಾಳಿ ಊದಿ ಕಿವಿಗೆ ಹಿಡಿದು, ತೂತಿದೆಯೇ ಎಂದು ಆಲಿಸುತ್ತಿದ್ದರು. ಉಣ್ಣದೆ ಹೊರಟವನ ಏಣಿ ಕಸಿದು, ಅವನು ಉಂಡು ಕೈತೊಳೆಯುವ ತನಕ ಅದರ ಮೇಲೇ ಕೂತುಬಿಡುತ್ತಿದ್ದರು. ಶ್ವೇತ ದಿನಗೂಲಿಗೆ ಸೇರಿದಾಗ ಮಗಳು ಚೈತ್ರಳಿಗೆ ಏಳು ತಿಂಗಳು. ಮಗುವನ್ನು ನೋಡಿಕೊಳ್ಳಲು ಯಾರೂ ಇಲ್ಲವೆಂದು ತಿಳಿದದ್ದೇ ತಡ, ಕೇಬಲ್ ಸುತ್ತಿಬರುವ ಮರದ ಚಕ್ರ ಕೊಯ್ಯಿಸಿ ತೊಟ್ಟಿಲು ಮಾಡಿಸಿ ತಮ್ಮ ಕೋಣೆಯಲ್ಲಿಟ್ಟರು. ತಪಾಸಣೆಗೆ ಬಂದವರು ಕೇಳಿದರೆ, ಸ್ಪೇರ್ ಪಾರ್ಟು ಎನ್ನುತ್ತಿದ್ದರು.

ಲೋಕೇಶ್ ಬಂದವನೇ ಕಾಯಂ ನೌಕರರಿಗೆ ಶೂ ಹಂಚಿ, ಎಕ್ಕಡ ಕಟ್ಟುವುದನ್ನು ನಿಲ್ಲಿಸಿದ್ದ. ಕುಳ್ಳಯ್ಯ ಕಂತ್ರಾಟಿನವನು. ಅವನಿಗೆ ಶೂ ಬರಲಿಲ್ಲ, ಹಳೆಯ ಅಭ್ಯಾಸವೂ ಹೋಗಲಿಲ್ಲ. ಈ ಮಧ್ಯಾಹ್ನ ಕಳ್ಳನಂತೆ ಒಳಬಂದು ಕಟ್ಟಿಹೋಗಿದ್ದನ್ನು ಶ್ವೇತ ಕಂಡೂ ಕಾಣದಂತಿದ್ದಳು; ಫೋನಿನ ಗಡಿಬಿಡಿಯಲ್ಲಿ ಅದು ಮರೆತೇಹೋಗಿತ್ತು.

ಅವನು ಎಕ್ಕಡ ಮರೆತು ಮನೆಗೆ ಹೋಗಿರುತ್ತಾನೆ ಎಂದ ಲೋಕೇಶ್ ಫೋನಿನಲ್ಲಿ. ಆಮೇಲೆ ದನಿ ಇಳಿಸಿ, "ನಿನ್ನ ಕೆಲ್ಸ ಕಾಯಂ ಆಗೋಕೆ ಇನ್ನೆರಡೇ ತಿಂಗ್ಳು ಅಲ್ವೇನಮ್ಮ? ಎಕ್ಕಡ ನೋಡ್ಕೊಂಡು ಕರೆಂಟು ನಿಲ್ಸಿದ್ಲು ಅಂತ ನಾನು ಬರೀಬೇಕಾ?" ಎಂದ.

"ಐದು ನಿಮ್ಷ ಸಾರ್," ಎಂದು ಅವಳೇ ಫೋನಿಟ್ಟಳು.

ಕುಳ್ಳಯ್ಯನ ಮೊಬೈಲು ಸಿಗಲಿಲ್ಲ. ಪುಟ್ಟರಾಜುವಿಗೆ ಮಾಡಿದಳು.

"ಅವ್ನು ನಾಗರಾಜನ ಬೈಕಲ್ಲಿ ಬಂದ ಕಣಕ್ಕ."

ನಾಗರಾಜುವಿಗೆ ಮಾಡಿದಳು. ಅವನಿನ್ನೂ ದಾರಿಯಲ್ಲಿ ಟೀ ಕುಡಿಯುತ್ತಿದ್ದ.

"ಪುಟ್ರಾಜುನ್ ಹಿಂದೆ ಕೂತ್ಕಂಡ್ನಲ್ಲ?" ಎಂದ. ತಟಕ್ಕನೆ ಗ್ಲಾಸು ಕುಕ್ಕಿದ ಸದ್ದು. "ಅಕ್ಕ, ಬುಡ್ಬೇಡ ಕಣಕ್ಕ. ನಾ ವಾಪಸ್ ಓಯ್ತಾವ್ನಿ."

ಶ್ವೇತ ಲೋಕೇಶನಿಗೆ ಇದ್ದದ್ದನ್ನು ಹೇಳಿದಳು. ಆಸ್ಪತ್ರೆಗೆ ಡೀಸೆಲ್ ತಾನೇ ಹೊಂದಿಸುತ್ತೇನೆ, ಸ್ವಿಚ್ಚು ಮುಟ್ಟಬೇಡ ಎಂದ ಅವನು.

ಅವಳು ಸ್ವಿಚ್ಚಿಗೆ ಬೆನ್ನು ಕೊಟ್ಟು, ಯಾರೋ ನುಗ್ಗಿ ಬರುವರೆಂಬಂತೆ ನಿಂತಳು. ಕುಳ್ಳಯ್ಯ ಮನೆಯಲ್ಲಿ ಕಾಲುಚಾಚಿ ಮಲಗಿದ್ದರೆ? ಆಸ್ಪತ್ರೆಯಲ್ಲಿ ಅಷ್ಟರೊಳಗೆ ಯಾವುದಾದರೂ ಮಗುವಿಗೆ ಏನಾದರೂ ಆದರೆ? ಕಾಯಂ ಆಗದೆ ಮನೆಗೆ ಹೋದರೆ ಚೈತ್ರಳ ಶಾಲೆ? ಗೋಡೆಯ ಗಡಿಯಾರದಲ್ಲಿ ಇಪ್ಪತ್ತೆರಡು ನಿಮಿಷ ಕಳೆಯಿತು.

ಫೋನು ಬಡಿದುಕೊಂಡಿತು. ನಾಗರಾಜು ಏದುಸಿರು ಬಿಡುತ್ತಿದ್ದ.

"ಮೇಲೇ ಅವ್ನೆ ಕಣಕ್ಕ. ಹೊಳೆ ಪಕ್ಕದ ಕಂಬದಲ್ಲಿ. ತಂತಿ ಕೈಲೇ ಇಡ್ಕೊಂಡವ್ನೆ."

ಕೊನೆಯ ಕಂಬದ ಜಾಯಿಂಟು ಸಡಿಲವಾಗಿದೆಯೆಂದು ಕುಳ್ಳಯ್ಯ ತಾನಾಗಿ ತೋಟದ ಆಚೆಗೆ ಹೋಗಿ ಹತ್ತಿದ್ದ.

ಅವನನ್ನು ಜೀಪಿನಲ್ಲಿ ಕರೆತಂದವನು ಲೋಕೇಶನೇ. ಒಂದು ಬರಿಗಾಲು ಕುಂಟಿಸುತ್ತ ಒಳಬಂದ ಕುಳ್ಳಯ್ಯ ಎಲ್ಲರ ಮುಖ ನೋಡಿದ.

"ಮುಳ್ಳು ಚುಚ್ಚಿರದು ನಂಗೆ. ನೀವ್ಯಾಕ್ರಪ್ಪ ಸತ್ತೋರ ಮನೇಲಿ ನಿಂತಂಗೆ ನಿಂತಿದ್ದೀರಿ?"

ಅವನೇ ಗಂಟು ಬಿಚ್ಚಿ ಎಕ್ಕಡ ಮೆಟ್ಟಿಕೊಂಡ. "ಏಳು, ಅತ್ತೆ," ಎಂದು ಗೊಣಗಿ ಶ್ವೇತ ಹಿಡಿ ತಿರುಗಿಸಿದಳು. ಹೊರಗೆ ಟ್ರಾನ್ಸ್‌ಫಾರ್ಮರು ಗುಂಯ್ ಎಂದಿತು. ಲೋಕೇಶ್ ನೆಲಕ್ಕೆ ಬಿದ್ದಿದ್ದ ದಾರವನ್ನು ಎತ್ತಿ, ಮಡಚಿ, ಹಿಡಿಯ ಪಕ್ಕದ ಮೊಳೆಗೆ ಸಿಕ್ಕಿಸಿದ.

ಎಲ್ಲರೂ ಹೋದಮೇಲೆ ಅವಳು ಶ್ರೀರಂಗಪಟ್ಟಣಕ್ಕೆ, ಶಿವಲಿಂಗಯ್ಯನವರ ಮನೆಗೆ ಫೋನು ಮಾಡಿದಳು. ಅವರ ದನಿ ಕೇಳಿದ್ದೇ, ಕುಳ್ಳಯ್ಯ, ಎಕ್ಕಡ, ಹೊಳೆ ಪಕ್ಕದ ಕಂಬ ಎಂದು ಒಂದಕ್ಕೊಂದು ಸೇರದಂತೆ ಹೇಳತೊಡಗಿದಳು. ಅವರು ನಡುವೆಯೇ ತಡೆದರು.

"ಉಂಡ್ಯೇನವ್ವ?"

"ಇಲ್ಲ ಸಾರ್."

"ಮೊದ್ಲು ಉಣ್ಣೋಗು. ಆಮೇಲೆ ಹೇಳೀವಂತೆ," ಎಂದು ಫೋನಿಟ್ಟುಬಿಟ್ಟರು.